ಕಾರಿಗೆ ಶಾರ್ಟ್ ಶಿಫ್ಟರ್ (ಗೇರ್ ಲಿವರ್ ಓಡಾಟ ಕಮ್ಮಿ ಮಾಡೋ ಸಾಮಾನು) ಹಾಕ್ಸಿದ್ ಮ್ಯಾಲೆ ಗೇರ್ ಬಿಗಿ ಆಗೇತೇನ್ರಿ?

ಗಾಬರಿ ಆಗಬ್ಯಾಡ್ರಿ, ಲಿವರ್ ಓಡಾಟ ಕಮ್ಮಿ ಆತಂದ್ರ ಕೈಗೆ ಜೋರ್ ಜಾಸ್ತಿ ಬೇಕಾಗೂದ. ಮೊದ್ಲ ಉಣಕಲ್‌ದಿಂದ ಧಾರವಾಡ ತನಕ ಒಂದ್ ರೌಂಡ್ ಹೊಡ್ಕೊಂಡ್ ಬರ್ರಿ, ಗೇರ್‌ಬಾಕ್ಸ್ ಆಯಿಲ್ ಬಿಸಿ ಆಗದ ಏನೂ ಮುಟ್ಟಬ್ಯಾಡ್ರಿ. ಸ್ಟಾಪ್ ಬೋಲ್ಟ್ (ಲಿವರ್ ಜಾಸ್ತಿ ದೂರ ಹೋಗದಂಗ ತಡಿಯೋ ಬೋಲ್ಟ್) ಇರೋ ಶಿಫ್ಟರ್ ಆದ್ರ, ಇಂಜಿನ್ ಬಂದ್ ಮಾಡಿ ಹ್ಯಾಂಡ್‌ಬ್ರೇಕ್ ಎಳ್ದು ಥರ್ಡ್‌ಗೆ ಪೂರ್ತಿ ಹಾಕಿ, ಲಿವರ್ ಮುಂದಕ್ಕ ಒತ್ತಿ ಹಿಡ್ಕೊಂಡ್ ಮುಂದಿನ ಬೋಲ್ಟ್ ತಾಗೂತನಕ ತಿರುವ್ರಿ, ಆಮ್ಯಾಲೆ ಅರ್ಧ ಸುತ್ತು ವಾಪಸ್ ಬಿಚ್ಚಿ ಲಾಕ್‌ನಟ್ ಬಿಗೀರಿ. ಫೋರ್ತ್‌ಗೆ ಹಾಕಿ ಲಿವರ್ ಹಿಂದಕ್ಕ ಎಳ್ದು ಹಿಡ್ಕೊಂಡ್ ಹಿಂದಿನ ಬೋಲ್ಟೂ ಹಂಗ. ನಾ ಹುರುಪಿಲೆ ಬಾಳ ಟೈಟ್ ಮಾಡಿದ್ದೆ, ಗೇರ್ ಪೂರ್ತಿ ಕೂಡ್ಲಾರ್ದ ಬೈಪಾಸ್‌ನ್ಯಾಗ ಥರ್ಡ್ ತಾನ ಹಾರಿ ನ್ಯೂಟ್ರಲ್‌ಗೆ ಬಂತು, ಎದಿ ಧಸಕ್ ಅಂತು ನೋಡ್ರಿ. ಇನ್ನೂ ಕಟ್‌ಕಟ್ ಅಂತಿದ್ರ ಪಿವಟ್‌ಗೆ (ಲಿವರ್ ತಿರುಗೋ ಕೀಲಿಗೆ) ಚೂರ ಗ್ರೀಸ್ ಹಚ್ರಿ, ಇಲ್ಲಾ ಲಿವರ್ ತುದಿಗೆ ವಜ್ಜಿರೋ ನಾಬ್ ಹಾಕ್ರಿ, ಭಾಳ ಫರಕ್ ಬೀಳ್ತೈತಿ.