ಸಿಂಗಲ್ಸ್ ಬಿಟ್ಟೆ, ಟೂರ್‌ನಲ್ಲಿ ಉಳಿದೆ: ನನ್ನ ಅನುಭವ

ವೃತ್ತಿಪರ ಟೆನಿಸ್‌ನ ಅತಿ ಕೆಳಗಿನ ಮೆಟ್ಟಿಲಾದ ಫ್ಯೂಚರ್ಸ್ ಟೂರ್ನಿಗಳನ್ನು ಆಡಿದವರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. 10 ಸಾವಿರ ಡಾಲರ್ ಟೂರ್ನಿಯಲ್ಲಿ ಸಿಂಗಲ್ಸ್ ಮೊದಲ ಸುತ್ತಿನಲ್ಲಿ ಸೋತರೆ ಬರುತ್ತಿದ್ದುದು 100 ಡಾಲರ್ ಚಿಲ್ಲರೆ, ಅದರಲ್ಲೂ ತೆರಿಗೆ ಮುರಿದುಕೊಳ್ಳುತ್ತಿದ್ದರು. ಡಬಲ್ಸ್ ಪೂರ್ತಿ ಗೆದ್ದರೂ ಜೋಡಿಗೆ 600 ಚಿಲ್ಲರೆ, ಅರ್ಧ ನನ್ನದು. ಹೀಗಿರುವಾಗ 24ರ ವಯಸ್ಸಿಗೇ ಡಬಲ್ಸ್ ಮಾತ್ರ ಆಡುತ್ತೇನೆ ಅಂದರೆ ಯಾರು ನಂಬುತ್ತಾರೆ? "ಅದು ಮೊಣಕಾಲು ಹೋದವರ ಆಟ" ಅಂದರು ಒಬ್ಬ ಕೋಚ್. 2024ರಲ್ಲಿ ರೋಹನ್ ಬೋಪಣ್ಣ 43ನೇ ವಯಸ್ಸಿಗೆ ಡಬಲ್ಸ್‌ನ ವಿಶ್ವ ನಂಬರ್ ಒನ್ ಆಗಿ ಆಸ್ಟ್ರೇಲಿಯನ್ ಓಪನ್ ಡಬಲ್ಸನ್ನೂ ಗೆದ್ದ ಮೇಲೆ ಅದೇ ಮನುಷ್ಯ ಫೋನ್ ಮಾಡಿ, ನಮ್ಮ ಹುಡುಗರಿಗೂ ಸ್ವಲ್ಪ ಡಬಲ್ಸ್ ಹೇಳಿಕೊಡಿ ಎಂದು ಕೇಳಿದರು.

ಸಿಂಗಲ್ಸ್‌ನಲ್ಲಿ ನಾನು ವಿಶ್ವ ರ‍್ಯಾಂಕಿಂಗ್‌ನ 700-800ರ ಆಸುಪಾಸಿನಲ್ಲೇ ಸಿಕ್ಕಿಬಿದ್ದಿದ್ದೆ. ಡಬಲ್ಸ್‌ನಲ್ಲಿ ಒಮ್ಮೆ 200ರ ಒಳಗೂ ಇಣುಕಿ ಬಂದೆ.

ಮೊದಲ ವರ್ಷ ಮಾತ್ರ ನರಕ. ಎಲ್ಲರ ಹಾಗೆ ನಾನೂ ದೊಡ್ಡ ಸರ್ವ್ ಇರುವ ಪಾರ್ಟ್ನರ್ ಹುಡುಕಿದೆ. ಒಬ್ಬ ಸಿಕ್ಕ, ಟರ್ಕಿಯ ಅಂಟಾಲ್ಯಾಕ್ಕೆ ಹೋದೆವು. ದಿನಕ್ಕೆ 50-60 ಯೂರೋ ಹೋಟೆಲ್, ವಾರಗಟ್ಟಲೆ ಇರಬೇಕು, ಮಂಗಳವಾರವೋ ಬುಧವಾರವೋ ಸೋತು ಉಳಿದ ದಿನ ಸುಮ್ನೆ ಕೂತು ಬೇರೆಯವರ ಮ್ಯಾಚ್ ನೋಡಬೇಕು. ಆಮೇಲೆ ಆತ ಇನ್ನೊಬ್ಬನ ಜೊತೆ ಸೈನ್-ಇನ್ ಮಾಡಿದ್ದು, ಅಂದರೆ ಟೂರ್ನಿಗೆ ಹೆಸರು ಬರೆಸಿದ್ದು, ನನಗೆ ಗೊತ್ತಾಗಿದ್ದೇ ಡ್ರಾ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ನೋಡಿದಾಗ! ಆ ಪ್ರವಾಸದಲ್ಲಿ ಲಕ್ಷಕ್ಕೂ ಜಾಸ್ತಿ ಕೈಬಿಟ್ಟಿತು.

ಆದರೆ ಆ ಮ್ಯಾಚ್‌ಗಳನ್ನು ನೋಡಿದ್ದರಿಂದಲೇ ನನ್ನ ದಾರಿ ಸಿಕ್ಕಿತು. ಆ ಮಟ್ಟದಲ್ಲಿ ಎಲ್ಲರೂ ಸರ್ವ್ ಮಾಡುತ್ತಾರೆ, ಆ ಸರ್ವನ್ನು ಸರಿಯಾಗಿ ರಿಟರ್ನ್ ಮಾಡುವವರಿಲ್ಲ. ಅದಕ್ಕೇ ಸರ್ವ್ ಸಾಧಾರಣ, ರಿಟರ್ನ್ ಭದ್ರ ಇರುವ ಎಡಗೈಯವನನ್ನು ಹಿಡಿದೆ. ಕಡಿಮೆ ಎತ್ತರದವ, ಬ್ಯಾಕ್‌ಹ್ಯಾಂಡ್ ಬರೀ ಚಿಪ್, ಅಂದರೆ ಮೆಲ್ಲಗೆ ಕತ್ತರಿಸಿ ಹೊಡೆಯುವುದು. ಇವನನ್ನು ಕಟ್ಟಿಕೊಂಡು ಏನು ಮಾಡ್ತೀಯ ಎಂದು ಎಲ್ಲರೂ ಕೇಳಿದರು. ಸಂಜೆಯ ಪ್ರಾಕ್ಟೀಸ್‌ನಲ್ಲಿ ನಾವು ಆಡುತ್ತಿದ್ದುದು 40-40ರ ಪಾಯಿಂಟ್ ಮಾತ್ರ. ನೋ-ಆಡ್‌ನಲ್ಲಿ, ಅಂದರೆ 40-40 ಆದಾಗ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುವ ನಿಯಮದಲ್ಲಿ, ಯಾರು ರಿಟರ್ನ್ ಮಾಡಬೇಕು ಎಂದು ಆರಿಸುವುದು ನಾವೇ ಅಲ್ವಾ, ಆ ಹಕ್ಕನ್ನು ಜನ ಯೋಚಿಸದೆ ಪೋಲು ಮಾಡುತ್ತಾರೆ. ನಾವು ಹತ್ತರಲ್ಲಿ ಆರೋ ಏಳೋ ಗೆಲ್ಲುತ್ತಿದ್ದೆವು. ಮೂರನೇ ಸೆಟ್ ಬದಲು 10 ಪಾಯಿಂಟ್‌ಗೆ ಆಡುವ ಸೂಪರ್ ಟೈಬ್ರೇಕ್‌ನಲ್ಲೂ ಇದೇ ಅಭ್ಯಾಸ ಕೈಹಿಡಿಯಿತು. ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿ ನಡುವೆ ಬಗ್ಗಿ ನಿಲ್ಲುವ ಐ ಫಾರ್ಮೇಶನ್ ವಿರುದ್ಧ ಮೊದಲ ರಿಟರ್ನ್ ಎಲ್ಲಿಗೆ ಹೊಡೆಯುತ್ತಿದ್ದೆವು ಅನ್ನುವುದನ್ನು ಹೇಳುವುದಿಲ್ಲ, ಈಗ ನಾನು ಆಟ ಹೇಳಿಕೊಡುವ ಹುಡುಗರು ಅದನ್ನೇ ಆಡುತ್ತಿದ್ದಾರೆ.

ನಡುವೆ ರಾಕೆಟ್ ತಂತಿಯ ಹುಚ್ಚು ಹಿಡಿಯಿತು. ಎದುರಾಳಿಯ ತಲೆ ಮೇಲಿಂದ ಎತ್ತಿ ಹೊಡೆಯುವ ಲಾಬ್‌ಗೆ ಕೈ ಮೆತ್ತಗಿರಲಿ ಎಂದು ಪಾಲಿ (ಪಾಲಿಯೆಸ್ಟರ್) ತಂತಿಯ ಬಿಗಿತವನ್ನು 24 ಕಿಲೋದಿಂದ 20ಕ್ಕೆ ಇಳಿಸಿದೆ, ಅಡ್ಡಕ್ಕೆ ಸಿಂಥೆಟಿಕ್ ಗಟ್ ಹಾಕಿದೆ. ಲಾಬ್ ಚೆನ್ನಾಯಿತು, ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿ ಎಲ್ಲೆಲ್ಲೋ ಹಾರಿತು, ಕೊನೆಗೆ 22ಕ್ಕೆ ನಿಂತೆ. ಇದರಿಂದ ಆದ ನಿಜವಾದ ಲಾಭ ಬೇರೆ: ಸೆಕೆಂಡ್ ಹ್ಯಾಂಡ್ ಸ್ಟ್ರಿಂಗಿಂಗ್ ಮೆಷಿನ್ ಹೊತ್ತುಕೊಂಡು ಹೋಗಿ ಭಾರತದ ಟೂರ್ನಿಗಳಲ್ಲಿ ಬೇರೆ ಆಟಗಾರರ ರಾಕೆಟ್‌ಗೂ ತಂತಿ ಹಾಕುತ್ತಿದ್ದೆ. ಎಷ್ಟೋ ವಾರ ರೂಮ್ ಬಾಡಿಗೆ ಅದರಲ್ಲೇ ಹುಟ್ಟುತ್ತಿತ್ತು. ರಾತ್ರಿ ನಾನು ತಂತಿ ಹಾಕಿಕೊಟ್ಟವನೇ ಬೆಳಿಗ್ಗೆ ಎದುರಾಳಿಯಾಗಿ ಬಂದದ್ದೂ ಇದೆ.

ದೊಡ್ಡ ದುಡ್ಡು ಬಂದಿದ್ದು ಜರ್ಮನಿಯ ಕ್ಲಬ್ ಲೀಗ್‌ನಿಂದ. ಬೇಸಿಗೆಯಲ್ಲಿ, ಕ್ಲೇ (ಮಣ್ಣಿನ ಅಂಕಣ) ಮೇಲೆ, ಎರಡು ಕ್ಲಬ್‌ಗಳ ನಡುವೆ ಒಂದು ಸಲಕ್ಕೆ 6 ಸಿಂಗಲ್ಸ್, 3 ಡಬಲ್ಸ್. ಒಂದು ಪಂದ್ಯಕ್ಕೆ ಕೆಲವು ನೂರು ಯೂರೋ, ಕ್ಲಬ್ ಸದಸ್ಯರ ಮನೆಯಲ್ಲೇ ವಸತಿ. ತಮಾಷೆ ಅಂದರೆ ಅಲ್ಲಿ ಸಿಂಗಲ್ಸೂ ಆಡಲೇಬೇಕಿತ್ತು. ಹೀಗಾಗಿ ದುಡ್ಡಿಗೆ ಸಿಂಗಲ್ಸ್, ರ‍್ಯಾಂಕಿಂಗ್‌ಗೆ ಡಬಲ್ಸ್. ಆ ದುಡ್ಡಿನಲ್ಲೇ ಫ್ಯೂಚರ್ಸ್‌ಗಿಂತ ಒಂದು ಮೆಟ್ಟಿಲು ಮೇಲಿನ ಚಾಲೆಂಜರ್ ಟೂರ್ನಿಗಳಿಗೆ ಹೋಗಲು ಧೈರ್ಯ ಬಂತು. ಆಗ 10 ಸಾವಿರ ಡಾಲರ್ ಫ್ಯೂಚರ್ಸ್ ಗೆದ್ದರೆ 18 ರ‍್ಯಾಂಕಿಂಗ್ ಪಾಯಿಂಟ್, 50 ಸಾವಿರ ಡಾಲರ್ ಚಾಲೆಂಜರ್‌ನಲ್ಲಿ ಸೆಮಿಗೆ ಬಂದು ಸೋತರೂ 29. ಜೋಡಿಯ ರ‍್ಯಾಂಕಿಂಗ್ ಒಟ್ಟುಗೂಡಿಸಿ ಎಂಟ್ರಿ ಕೊಡುವುದರಿಂದ, ಮಳೆಗಾಲದಲ್ಲೋ ದೂರದ ಊರಲ್ಲೋ ನಡೆಯುವ, ದೊಡ್ಡ ಜೋಡಿಗಳು ಬಾರದ ವಾರ ನೋಡಿ ಹೋಗುತ್ತಿದ್ದೆವು. ಅಂಥ ವಾರ ಯಾವುದು ಎಂದು ಹೇಗೆ ಗುರುತಿಸುತ್ತಿದ್ದೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

2019ರಲ್ಲಿ ಫ್ಯೂಚರ್ಸ್ ಅನ್ನುವ ಹೆಸರೇ ಹೋಯಿತು, ಈಗ ಆ ಟೂರ್ನಿಗಳಿಗೆ ಎಂ15, ಎಂ25 ಅನ್ನುತ್ತಾರೆ. ನಾನು ಟೂರ್ ಬಿಟ್ಟಿದ್ದೂ ಆ ಹೊತ್ತಿಗೇ, ಭುಜದ ನೋವಿನಿಂದ. ಖರ್ಚೆಲ್ಲ ಕಳೆದು ನೋಡಿದರೆ ಕೊನೆಯ ಎರಡು ವರ್ಷ ಸಣ್ಣ ಲಾಭ, ಅದಕ್ಕೂ ಹಿಂದಿನದೆಲ್ಲ ಅಪ್ಪನ ಪಿಎಫ್.