ಆರೈಕೆ ಕೇಂದ್ರದ ತಿಗಣೆ ಕಾಟ ನಿಂತಿದ್ದು ಹೀಗೆ

ಅಮ್ಮ ಇರುವ ಹಿರಿಯರ ಆರೈಕೆ ಕೇಂದ್ರದಲ್ಲಿ ತಿಗಣೆ ಕಾಟ. ಪ್ರತಿ ಸಲ ಅವಳ ಕೋಣೆಗೆ ಮಾತ್ರ ಔಷಧಿ ಹೊಡೆದು ಹೋಗುತ್ತಿದ್ದರು. ಸ್ವಲ್ಪ ದಿನ ನೆಮ್ಮದಿ, ಆಮೇಲೆ ಅದೇ ಕಥೆ. ‘ಪಕ್ಕದ ಕೋಣೆಯವರು ದೂರು ಕೊಟ್ಟಿಲ್ಲವಲ್ಲ’ ಅನ್ನುವುದು ಕೇಂದ್ರದವರ ವಾದ. ಆದರೆ ವಯಸ್ಸಾದ ಎಷ್ಟೋ ಜನರಿಗೆ ತಿಗಣೆ ಕಚ್ಚಿದರೂ ಗುಳ್ಳೆ ಏಳುವುದಿಲ್ಲ, ತುರಿಕೆಯೂ ಇರುವುದಿಲ್ಲ. ಮರೆವಿನ ಕಾಯಿಲೆ ಇರುವವರು ದೂರು ಹೇಳುವುದಾದರೂ ಹೇಗೆ?

ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಸಂದು, ಗಾಲಿಕುರ್ಚಿಯ ಕುಶನ್ ಎಲ್ಲ ನೋಡಿದೆ. ತಿಗಣೆ ಹಿಕ್ಕೆಯ ಕಪ್ಪು ಚುಕ್ಕೆಗಳ ಫೋಟೊ ತೆಗೆದು, ದಿನಾಂಕ ಹಾಕಿ, ಬರವಣಿಗೆಯಲ್ಲೇ ದೂರು ಕೊಟ್ಟೆ. ಬಾಯಿಮಾತು ಅಲ್ಲಿ ಯಾರ ತಲೆಗೂ ಹೋಗುತ್ತಿರಲಿಲ್ಲ. ಅಕ್ಕಪಕ್ಕದ, ಮೇಲೆ ಕೆಳಗಿನ ಕೋಣೆಗಳನ್ನೂ ನೋಡಲೇಬೇಕು ಅಂತ ಪಟ್ಟು ಹಿಡಿದೆ. ಪಕ್ಕದ ಕೋಣೆಯ ಮಂಚದಲ್ಲಿ ರಾಶಿ ತಿಗಣೆ ಸಿಕ್ಕಿತು.

ಆಮೇಲೆ ಎಲ್ಲ ಕೋಣೆಗೂ ಒಟ್ಟಿಗೇ ಕೆಲಸ ಶುರು. ಬಟ್ಟೆ, ಹೊದಿಕೆಗಳನ್ನು ಕೋಣೆಯಲ್ಲೇ ಚೀಲಕ್ಕೆ ತುಂಬಿ, ಬಿಗಿಯಾಗಿ ಕಟ್ಟಿ ಒಯ್ದರು. ದಾರಿಯುದ್ದಕ್ಕೂ ಉದುರಿಸಿದರೆ ಏನು ಬಂತು? ಡ್ರೈಯರ್‌ನಲ್ಲಿ ಜಾಸ್ತಿ ಬಿಸಿಯಲ್ಲಿ 30 ನಿಮಿಷ ಓಡಿಸಿದರು. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಮೊಟ್ಟೆಯೂ ಉಳಿಯುವುದಿಲ್ಲ. ಸ್ಪ್ರೇಗೆ ಮೊಟ್ಟೆ ಅಷ್ಟು ಸುಲಭವಾಗಿ ಸಾಯದು, ಅದಕ್ಕೇ ಎರಡು ವಾರ ಬಿಟ್ಟು ಇನ್ನೊಂದು ಸುತ್ತು. ಔಷಧಿ ಒಣಗುವವರೆಗೆ ಹಿರಿಯರನ್ನು ಬೇರೆ ಕಡೆ ಇರಿಸಿದರು. ಉಸಿರಾಟದ ತೊಂದರೆ ಇರುವವರೇ ಹೆಚ್ಚು, ಅಲ್ವಾ.

ಮಂಚದ ಕಾಲುಗಳ ಕೆಳಗೆ ತಿಗಣೆ ಹಿಡಿಯುವ ಬಟ್ಟಲು ಇಟ್ಟಿದ್ದಾರೆ. ಹತ್ತಲು ಹೋದದ್ದು ಅದರಲ್ಲೇ ಬೀಳುತ್ತದೆ. ಪ್ರತಿ ವಾರ ನೋಡುತ್ತೇನೆ. ಸದ್ಯಕ್ಕೆ ಖಾಲಿ.