ಬೊಲೆರೊ ಮೇಲಿನ ಕ್ಯಾರಿಯರ್ ನಾನೇ ಮಾಡಿಕೊಂಡಿದ್ದು

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಗಾಡಿ ಹಳೇ ಬೊಲೆರೊ. ಏಣಿ, ದೋಟಿ, ಸ್ಪ್ರಿಂಕ್ಲರ್ ಪೈಪು ಎಲ್ಲವನ್ನೂ ಸೀಟಿನ ಮೇಲೆ ಹಾಯಿಸಿ, ಕಿಟಕಿಯಿಂದ ಹೊರಗೆ ಚಾಚಿಕೊಂಡೇ ತರುತ್ತಿದ್ದೆ. ಒಂದು ಸಂಜೆ ತಿರುವಿನಲ್ಲಿ ಪೈಪಿನ ತುದಿ ಎದುರು ಬಂದ ಬೈಕಿನವರ ಮುಖಕ್ಕೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಗ್ಗೆಯೇ ಟೇಪು ಹಿಡಿದು ಗಾಡಿ ಮೇಲೆ ಹತ್ತಿದೆ.

ಶಿವಮೊಗ್ಗದಿಂದ 1 ಇಂಚಿನ ಎಂಎಸ್ (ಮಾಮೂಲಿ ಕಬ್ಬಿಣದ) ಸ್ಕ್ವೇರ್ ಪೈಪು, 16 ಗೇಜಿನದು, 20 ಅಡಿಯ 2 ಉದ್ದ ತಂದೆ. ಸುತ್ತಲಿನ ಕಟಾಂಜನಕ್ಕೆ ಮುಕ್ಕಾಲು ಇಂಚಿನದು ಒಂದು. ಸತು ಲೇಪಿಸಿದ ಜಿಐ ಪೈಪು ತುಕ್ಕು ಹಿಡಿಯಲ್ಲ, ಅದೇ ಹಾಕು ಅಂತ ಹೇಳಿದವರು ತುಂಬಾ ಜನ. ನಾನು ಒಪ್ಪಲಿಲ್ಲ. ವೆಲ್ಡ್ ಮಾಡುವಾಗ ಅದರ ಮೇಲಿನ ಸತು ಸುಟ್ಟು ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿ ಹೊತ್ತಿಗೆ ಚಳಿಜ್ವರ. ಅಷ್ಟು ಮಾಡಿದರೂ ವೆಲ್ಡಿನ ಜಾಗದಲ್ಲಿ ಸತು ಉಳಿಯಲ್ಲ, ತುಕ್ಕು ಅಲ್ಲಿಂದಲೇ ಶುರು.

ಚೌಕಟ್ಟು 5 ಅಡಿ ಉದ್ದ, 4 ಅಡಿ ಅಗಲ, ನಡುವೆ 4 ಅಡ್ಡಪೈಪು. ಕಟಾಂಜನ ಮೂರೇ ಕಡೆ. ಏಣಿ, ಪೈಪು ಜಾರಿಸಿ ಇಡೋಕೆ ಹಿಂಬದಿ ಖಾಲಿ ಬಿಟ್ಟೆ. ವೆಲ್ಡಿಂಗಿಗೆ ಎರಡೂವರೆ ಎಂಎಂ ರಾಡು. 16 ಗೇಜು ಅಂದರೆ ಬರೀ 1.6 ಎಂಎಂ ದಪ್ಪ, ಕೈ ಸ್ವಲ್ಪ ನಿಂತರೂ ತೂತು ಬೀಳುತ್ತದೆ. ಅದಕ್ಕೇ ಚೂರು ಚೂರು ಎಳೆದು, ಒಂದು ಮೂಲೆ ಆದಮೇಲೆ ಅದರ ಎದುರು ಮೂಲೆಗೆ ಹೋಗುತ್ತಿದ್ದೆ. ಒಂದೇ ಕಡೆ ಬಿಸಿ ಆದರೆ ಪೈಪು ಸೊಟ್ಟ ಎಳೆದುಕೊಳ್ಳುತ್ತದೆ.

ಇಷ್ಟು ಜಾಗ್ರತೆ ಮಾಡಿಯೂ ತಪ್ಪಿದೆ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಿದ್ದೆ, ಅಳತೆ ಸರಿಯಾಗಿ ಒಂದೇ ಬಂದಿತ್ತು. ಪೂರ್ತಿ ವೆಲ್ಡ್ ಮಾಡಿ ಗಾಡಿ ಮೇಲೆ ಇಟ್ಟರೆ ಒಂದು ಮೂಲೆ ಅರ್ಧ ಇಂಚು ಮೇಲೆ ನಿಂತಿತು. ಕೊಟ್ಟಿಗೆಯ ನೆಲ ನೀರು ಹೋಗಲಿ ಅಂತ ಇಳಿಜಾರು ಮಾಡಿದ್ದು, ಚೌಕಟ್ಟು ಅದರ ಮೇಲೇ ತಿರುಚಿಕೊಂಡು ಕೂತಿತ್ತು. ಅಳತೆ ಒಂದೇ ಬಂದರೆ ಮೂಲೆ ನೇರ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಚೌಕಟ್ಟು ಚಪ್ಪಟೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ನೋಡೋಕೆ ಬಂದ ಭಾವ ಎರಡು ದಾರ ತಂದು ಮೂಲೆಯಿಂದ ಮೂಲೆಗೆ ಬಿಗಿದ. ನಡುವೆ ದಾರಕ್ಕೆ ದಾರ ತಾಗಬೇಕಿತ್ತು, ಆದರೆ ಕಾಲು ಇಂಚು ಸಂದು ಕಂಡಿತು. "ಮೊದಲು ಕಾಲು ಕೂರಿಸು ಮಾರಾಯ, ಮೇಲಿಂದು ಆಮೇಲೆ" ಅಂದ. ಕಾಲು ಅಂದರೆ ಕ್ಯಾರಿಯರ್ ಗಾಡಿ ಮೇಲೆ ನಿಲ್ಲುವ ಪಟ್ಟಿಗಳು. ಎರಡು ಮೂಲೆ ಕೊಯ್ದು ಮತ್ತೆ ಶುರು ಮಾಡಿದೆ.

ಬೊಲೆರೊ ಮಾಡಿನ ಎರಡೂ ಬದಿಗೆ ಮನೆ ಸೂರಿನ ದೋಣಿಯ ಹಾಗೆ ಗಟರ್ ಇದೆ. ಕ್ಯಾರಿಯರಿನ ಅಷ್ಟೂ ಭಾರ ನಿಲ್ಲುವುದು ಅದರ ಮೇಲೆ. 40 ಎಂಎಂ ಅಗಲ, 5 ಎಂಎಂ ದಪ್ಪದ ಪಟ್ಟಿ ಬಗ್ಗಿಸಿ 6 ಕಾಲು ಮಾಡಿದೆ. ಪಟ್ಟಿಯ ತುದಿ ಗಟರ್ ಒಳಗೆ ಕೂರುತ್ತದೆ, ಹೊರಗಿನಿಂದ ಇನ್ನೊಂದು ಕೊಕ್ಕೆ ಬಂದು 8 ಎಂಎಂ ಬೋಲ್ಟಿನಲ್ಲಿ ಬಿಗಿಯುತ್ತದೆ. ಮಾಡಿಗೆ ಒಂದು ತೂತೂ ಕೊರೆಯಲಿಲ್ಲ, ಬೇಕೆಂದಾಗ ಬಿಚ್ಚಿ ಇಡಬಹುದು. ಕಾಲುಗಳನ್ನು ಮೊದಲು ಗಟರಿಗೆ ಕಚ್ಚಿಸಿ, ಅವುಗಳ ಮೇಲೆ ಚೌಕಟ್ಟು ಇಟ್ಟು, ಗಾಡಿ ಮೇಲೇ ಟ್ಯಾಕ್ ಹೊಡೆದೆ, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟೇ ವೆಲ್ಡ್ ಮಾಡಿ ಹಿಡಿಸಿದೆ. ಹೀಗೆ ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಲೇಬೇಕು. ವೆಲ್ಡಿಂಗ್ ಮಿಷನ್ನಿನ ಅರ್ಥ್ ಕ್ಲಾಂಪನ್ನು ಗಾಡಿಯ ಮೈಗೆ ಹಾಕಬಾರದು, ಚೌಕಟ್ಟಿಗೇ ಹಾಕಬೇಕು. ಗಾಜಿನ ಮೇಲೆ, ಮಾಡಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಕಿಡಿ ಬಿದ್ದರೆ ಗಾಜಿನಲ್ಲಿ ಕಪ್ಪು ಚುಕ್ಕೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗಲ್ಲ. ಪಕ್ಕದಲ್ಲೇ ಎರಡು ಬಕೆಟ್ ನೀರು. ಟ್ಯಾಕ್ ಆದಮೇಲೆ ಕೆಳಗೆ ಇಳಿಸಿ ಪೂರ್ತಿ ವೆಲ್ಡ್ ಮಾಡಿದೆ. ಪ್ರತಿ ಕಾಲಿಗೂ ಒಂದೊಂದು ತ್ರಿಕೋನದ ಪ್ಲೇಟು ಕೊಟ್ಟೆ. ಬ್ರೇಕ್ ಹಾಕಿದಾಗ ಸಾಮಾನು ಮುಂದಕ್ಕೆ ತಳ್ಳುತ್ತದಲ್ವಾ, ಆ ಪ್ಲೇಟು ಇಲ್ಲದಿದ್ದರೆ ವೆಲ್ಡ್ ಅಲ್ಲೇ ಬಿರಿಯುತ್ತದೆ.

ನಮ್ಮ ಕಡೆ ಕಬ್ಬಿಣಕ್ಕೆ ಮಳೆಯದ್ದೇ ಚಿಂತೆ. ಇಲ್ಲಿಂದ ಹತ್ತಿರವೇ ಇರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ. ಪೈಪಿನ ತುದಿಗಳನ್ನು ಮುಚ್ಚಿ ವೆಲ್ಡ್ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೈವೆಲ್ಡಿನಲ್ಲಿ ಎಲ್ಲೋ ಒಂದು ಸೂಜಿತೂತು ಇದ್ದೇ ಇರುತ್ತದೆ. ಬಿಸಿಲಿಗೆ ಪೈಪು ಕಾದು ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಮಳೆ ಬಂದು ತಣ್ಣಗಾದಾಗ ಅದೇ ತೂತಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಹೋದ ನೀರು ಹೊರಗೆ ಬರಲ್ಲ, ಪೈಪು ಒಳಗಿನಿಂದಲೇ ಕೊಳೆಯುತ್ತದೆ. ಅದಕ್ಕೇ ಪ್ರತಿ ಪೈಪಿನ ಕೆಳಬದಿಗೆ 5 ಎಂಎಂ ತೂತು ಕೊಟ್ಟೆ. ಬಣ್ಣದ ಕೆಲಸ ಫೆಬ್ರವರಿಯಲ್ಲೇ ಮುಗಿಸಿದೆ. ಥಿನ್ನರಿನಲ್ಲಿ ಎಣ್ಣೆ ಜಿಡ್ಡು ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಮೇಲೆ ಕಪ್ಪು ಎನಾಮೆಲ್. ಮಳೆಗಾಲದ ತೇವದಲ್ಲಿ ಹಚ್ಚಿದ ಪ್ರೈಮರ್ ಸುಮ್ನೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟರೆ 21 ಕೆಜಿ ಬಂತು. ಮೇಲೆ 40 ಕೆಜಿಗಿಂತ ಜಾಸ್ತಿ ಹೇರಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಉದ್ದದ್ದು, ಹಗುರದ್ದು ಮಾತ್ರ ಮೇಲೆ. ಗೊಬ್ಬರದ ಚೀಲ, ಮೈಲುತುತ್ತ, ಸುಣ್ಣ ಗಾಡಿ ಒಳಗೇ. ತಲೆಭಾರ ಆದರೆ ಆಗುಂಬೆ ಘಾಟಿಯ 14 ತಿರುವಿನಲ್ಲಿ ಗಾಡಿ ವಾಲುವುದು ಸ್ಟೇರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ.

ಮೊದಲ ಸಲ ಶಿವಮೊಗ್ಗಕ್ಕೆ ಹೋಗಿ ಬಂದಾಗ ಎರಡು ಬೋಲ್ಟು ಸಡಿಲ ಆಗಿದ್ದವು. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿದ ಮೇಲೆ ಆ ತೊಂದರೆ ಇಲ್ಲ. ಖಾಲಿ ಹೋಗುವಾಗ 60 ದಾಟಿದರೆ ಸೀಟಿ ಹೊಡೆದ ಹಾಗೆ ಸದ್ದು ಬರುತ್ತಿತ್ತು. ಮುಂದಿನ ಅಡ್ಡಪೈಪಿಗೆ ನೈಲಾನ್ ಹಗ್ಗ ಬಳ್ಳಿ ಹಬ್ಬಿದ ಹಾಗೆ, ನಾಲ್ಕು ಬೆರಳು ಅಂತರ ಬಿಟ್ಟು ಸುತ್ತಿದೆ. ಗಾಳಿ ಪೈಪಿನ ಹಿಂದೆ ಒಂದೇ ತಾಳದಲ್ಲಿ ಸುಳಿಯುವುದರಿಂದ ಆ ಸದ್ದು. ಹಗ್ಗ ಆ ತಾಳ ಮುರಿಯುತ್ತದೆ. ಸದ್ದು ಹೆಚ್ಚುಕಮ್ಮಿ ನಿಂತೇ ಹೋಯಿತು.

ಕಾಲಿನ ಕೆಳಗೆ ಗಟರಿನ ಬಣ್ಣ ಹೋಗದಿರಲಿ ಅಂತ ಸೈಕಲ್ ಟ್ಯೂಬಿನ ತುಂಡು ಇಟ್ಟಿದ್ದೇನೆ. ಆ ರಬ್ಬರಿನ ಅಡಿಯಲ್ಲೂ ನೀರು ನಿಲ್ಲುತ್ತದೆ. ಹಾಗಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ ಪೂರ್ತಿ ಬಿಚ್ಚಿ ನೋಡುತ್ತೇನೆ. ಈ ಸಲ ಎಡಗಡೆ ಮುಂದಿನ ಕಾಲಿನ ಅಡಿ ಮಾತ್ರ ಉಗುರಿನಷ್ಟು ಬಣ್ಣ ಎದ್ದಿತ್ತು. ಕೆರೆದು ಪ್ರೈಮರ್ ಹಚ್ಚಿ, ಎರಡು ದಿನ ಒಣಗಲು ಬಿಟ್ಟು, ಹೊಸ ಟ್ಯೂಬಿನ ತುಂಡು ಇಟ್ಟು ಮತ್ತೆ ಏರಿಸಿದೆ.